ಇಪ್ಪತ್ತು ಮಾರು ನೂಲು

ಹನ್ನೊಂದನೇ ವಯಸ್ಸಿನಲ್ಲಿ ಹೇಳಿದ ಒಂದು ಸುಳ್ಳನ್ನು ಎಲೆಂಗೂ ಐವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಗಂಡನಿಗೂ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ. ಹಬ್ಬ ಮುಗಿದ ಮರುದಿನವೇ ಸಂತ ಪರಸ್ಕೇವಿಯ ಗವಿ ಚರ್ಚಿರುವ ಬಂಡೆಯ ಹಿಂಬದಿಗೆ ಬೇಲಿ ಹಾಕುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಮಾತ್ರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಬ್ಬದ ದಿನ ಲಿಮಸೋಲ್ ಪಟ್ಟಣದಿಂದ ಮೊದಲ ಬಸ್ಸು ಹಿಡಿದು ಪಾಫೋಸ್ ಸೀಮೆಯ ತನ್ನೂರಿಗೆ ಬಂದಿಳಿದಳು. ಹೆಗಲಲ್ಲಿ ಅಮ್ಮ ನೇಯ್ದ ಹಳೆಯ ಚೀಲ. ಅದರ ಕೆಂಪು ಉಣ್ಣೆಯ ಅಂಚನ್ನು ಯಾವ ಕಾಲದಲ್ಲೋ ಇಲಿ ತಿಂದು ಒಂದು ಗೇಣಷ್ಟೇ ಉಳಿದಿತ್ತು. ಒಳಗೆ ಮೇಣ ಹಚ್ಚಿದ ಹತ್ತಿ ನೂಲಿನ ಉಂಡೆ.

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಚರ್ಚಿಗೆ ನೂಲು ಸುತ್ತುವುದು ಅಲ್ಲಿಯ ಹರಕೆ. ಸುತ್ತು ಕೂಡಿದ ಮೇಲೆ ಆ ನೂಲನ್ನೇ ಹೊಸೆದು ಬತ್ತಿ ಮಾಡಿ ಉರಿಸಬೇಕು. ಬೇರೆ ಊರಿನವರಿಗೇನು, ನಾಲ್ಕು ಗೋಡೆ ಸುತ್ತಿದರೆ ಮುಗಿಯಿತು. ಇವರ ಸಂತಳೋ, ಕ್ರಿಸ್ತನಿಗೂ ಹಿಂದಿನವರು ಹೆಣವಿಡಲು ಕೊರೆದ ಗವಿಯನ್ನೇ ಮನೆ ಮಾಡಿಕೊಂಡು ಕೂತವಳು! ಅವಳನ್ನು ಸುತ್ತಬೇಕಾದರೆ ಇಡೀ ಬಂಡೆಯನ್ನೇ ಸುತ್ತಬೇಕು. ಹಿಂಬದಿಯಲ್ಲಿ ಇನ್ನೂ ಏಳು ಗೋರಿಗಳು ಬಾಯಿ ತೆರೆದುಕೊಂಡಿವೆ.

ಚರ್ಚಿನ ದೀಪ ನೋಡಿಕೊಳ್ಳುವ ಹಂಬೀಸ್ ಮುದುಕ ಮೆಟ್ಟಿಲ ಮೇಲೆ ಕೂತು ಎಳ್ಳಿನ ರೊಟ್ಟಿ ಅಗಿಯುತ್ತಿದ್ದ. ವಯಸ್ಸು ಎಂಬತ್ತೈದು ದಾಟಿತ್ತು.

"ಓಹೋ, ಪಟ್ಟಣದಮ್ಮ! ದಾರಿ ತಪ್ಪಿ ಬಂದ್ಯೇನೇ?"

"ನೀನಿನ್ನೂ ಗಟ್ಟಿಯಾಗೇ ಇದ್ದೀಯಲ್ಲ ಮಾವ!"

"ಏನ್ ಮಾಡ್ಲಿ, ಹಿಂದುಗಡೆ ಏಳು ಮನೆ ಖಾಲಿ ಇವೆ. ಒಂದೂ ಮನಸ್ಸಿಗೆ ಬರ್ಲಿಲ್ಲ."

ಎಲೆಂಗೂಗೆ ನಗು ಬಂತು. "ಸ್ವಲ್ಪ ಬಾ ಮಾವ ಹಿಂದಕ್ಕೆ. ಒಬ್ಬಳೇ ಹೋಗೋಕೆ ಈಗ್ಲೂ ಭಯ."

ಚರ್ಚಿನ ಅಕ್ಕಪಕ್ಕ, ಮುಂಬದಿಯಲ್ಲಿದ್ದ ಗೋರಿಗಳೆಂದರೆ ಅವಳಿಗೆ ಎಂದೂ ಭಯವಿರಲಿಲ್ಲ. ಹಬ್ಬದ ದಿನ ಅಲ್ಲೇ ಕಲ್ಲಂಗಡಿಯನ್ನು ತಂಪಿಗಿಡುತ್ತಿದ್ದರು. ಅಮ್ಮ ಹೆಣದ ಹಾಸುಗಲ್ಲಿನ ಮೇಲೇ ಹಣ್ಣು ಕೊಯ್ದು, "ಪಾಪ, ಅವರಿಗೂ ಒಂದು ಹೋಳು" ಎಂದು ಮೂಲೆಯಲ್ಲಿಡುತ್ತಿದ್ದಳು. ಸಂಜೆಗೆ ಅದು ಇರುತ್ತಿರಲಿಲ್ಲ. ಮೇಕೆ ತಿಂದದ್ದು ಎಂದು ಗೊತ್ತಿದ್ದರೂ ಮಕ್ಕಳೆಲ್ಲ ಕಿರುಚಿಕೊಂಡು ಓಡುತ್ತಿದ್ದವು. ಎಂಥ ದಿನಗಳವು! ಅಮ್ಮನ ಬೆರಳಿನಿಂದ ತೊಟ್ಟಿಕ್ಕುತ್ತಿದ್ದ ಆ ಸಿಹಿ ರಸಕ್ಕಾಗಿ ಎಲೆಂಗೂ ಈಗಲೂ ಏನು ಬೇಕಾದರೂ ಕೊಟ್ಟಾಳು.

ಬಂಡೆಯ ತಿರುವಿನ ಹಳೆಯ ಕ್ಯಾರಬ್ ಮರದ ಬಳಿ ಅವಳು ನಿಂತುಬಿಟ್ಟಳು.

"ಅಮ್ಮ ಕಾಯಿಲೆ ಬಿದ್ದು ಮಲಗಿದಾಗ ಹರಕೆಗೆ ನನ್ನನ್ನೇ ಕಳ್ಸಿದ್ದಳು. ಇಲ್ಲಿವರೆಗೂ ಬಂದೆ ಮಾವ. ಆ ಗೋರಿ ಬಾಯಿಗಳನ್ನ ಕಂಡು ಮುಂದೆ ಹೋಗೋಕೆ ಆಗ್ಲಿಲ್ಲ. ನೂಲನ್ನ ಈ ಮರಕ್ಕೆ ಗಂಟು ಹಾಕಿ, ಉಳಿದದ್ದನ್ನ ಪಕ್ಕದ ಬಾವಿಗೆಸೆದು ಓಡಿದೆ. ಸುತ್ತಿದೆ ಅಂತ ಅಮ್ಮನಿಗೆ ಹೇಳಿದೆ. ಇಪ್ಪತ್ತು ಮಾರು ಕಮ್ಮಿ ಬಿತ್ತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅಮ್ಮ ತೀರಿಕೊಂಡಳು. ನಾನೇ ಕೊಂದೆ."

ಹಂಬೀಸ್ ಮರಕ್ಕೆ ಒರಗಿದ.

"ಅಂತೂ ಬಾಯಿ ಬಿಟ್ಯಲ್ಲೇ, ತಾಯೀ! ಸುತ್ತು ಕೂಡಿತ್ತು ಕಣೇ. ಮಾರನೇ ದಿನ ನಿಮ್ಮಮ್ಮ ಕತ್ತೆ ಮೇಲೆ ಬಂದಳು, ಸಂತಳಿಗೆ ಅಡ್ಡಬೀಳೋಕೆ. ಈ ಗಂಟು ನೋಡಿದಳು. 'ಅಯ್ಯೋ, ಹೆದರ್ಕೊಂಡಿದೆ ನನ್ನ ಕೂಸು. ಒಂಟಿ ಮಗೂನ ಕಳ್ಸಿದ್ದು ನನ್ನ ತಪ್ಪು' ಅಂದಳು. ಕೈಲಿ ನೂಲಿಲ್ಲ. ಚೀಲದ ಅಂಚು ಬಿಚ್ಚಿ, ಆ ಉಣ್ಣೇನೇ ಗಂಟು ಹಾಕಿದಳು. ಒಂದೊಂದು ಗೋರಿ ಬಾಯಿಗೂ ಕೈ ಊರಿ, ಕೆಮ್ಮಿ, ನಿಂತು, ಸುತ್ತು ಮುಗಿಸಿದಳು. ಹಿಡ್ಕೊಳ್ಳೋಕೆ ಹೋದ್ರೆ ನನಗೇ ಬೈದಳು."

ಎಲೆಂಗೂ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇಲಿ ತಿಂದದ್ದು ಅಂದಿದ್ದಳು..."

"ಇಲಿಯಂತೆ! ಉಣ್ಣೆ ಉರಿದ್ರೆ ಹೇಗೆ ನಾರುತ್ತೆ ಗೊತ್ತಾ? ಆ ಬತ್ತಿ ಹಚ್ಚಿದ್ದೇ, ಪೂಜೆ ನಡುವೆ ಕೂದಲು ಸುಟ್ಟ ವಾಸನೆ. ಪಾದ್ರಿ ಸೀನಿ ಸೀನಿ ಮಂತ್ರವೇ ಮರೆತ. ನಿಮ್ಮಮ್ಮ ಮೂಲೇಲಿ ಕೂತು ತಲೆವಸ್ತ್ರದ ಸೆರಗು ಬಾಯಿಗಿಟ್ಟು ನಗ್ತಾ ಇದ್ದಳು."

"ನನಗ್ಯಾಕೆ ಹೇಳ್ಲಿಲ್ಲ ಮಾವ? ಇಷ್ಟು ವರ್ಷ!" ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

"ಆಣೆ ಹಾಕಿಸ್ಕೊಂಡಿದ್ದಳು. 'ಮಗು ತಾನಾಗಿ ಹೇಳೋವರೆಗೂ ನೀನು ಬಾಯಿ ಬಿಡಬೇಡ, ನಾಚ್ಕೊಳ್ತಾಳೆ' ಅಂತ. ನೀನೋ, ಐವತ್ತೆರಡು ವರ್ಷ ತಗೊಂಡೆ. ನಾನು ಸಾಯೋ ಹಾಗೂ ಇಲ್ಲ!"

ಎಲೆಂಗೂ ಅತ್ತಳು, ಮೂಗೊರೆಸಿಕೊಂಡು ನಕ್ಕಳು, ಮತ್ತೆ ಅತ್ತಳು. ಆಮೇಲೆ ಏಳೂ ಗೋರಿಗಳ ಮುಂದೆ ಹಾದು ಬಂದಳು. ಅಮ್ಮ ಊರಿದ ಕಡೆಯಲ್ಲೆಲ್ಲ ತಾನೂ ಕೈ ಊರಿದಳು. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಅಷ್ಟೇ.

ಚರ್ಚಿನ ಬಾಗಿಲಲ್ಲಿ ಕೂತು, ಚೀಲದಲ್ಲಿ ಉಳಿದಿದ್ದ ಒಂದು ಗೇಣು ಕೆಂಪು ಅಂಚನ್ನು ಬಿಚ್ಚಿ ಹತ್ತಿ ನೂಲಿನ ಜೊತೆ ಹೊಸೆದು, ಸಂತಳ ಮುಂದೆ ಹಚ್ಚಿದಳು. ಚಿಟಚಿಟ ಎಂದಿತು, ಹೊಗೆಯೆದ್ದಿತು. ಹೊಸ ಪಾದ್ರಿ ಮೂಗು ಮುಚ್ಚಿಕೊಂಡು ಓಡಿ ಬಂದ.

"ಏನ್ರೀ ಇದು ವಾಸನೆ?"

"ಗಾಬರಿ ಆಗ್ಬೇಡಿ ಸ್ವಾಮಿ," ಎಂದ ಹಂಬೀಸ್. "ಇವಳಮ್ಮ ಬಂದಿದ್ದಾಳೆ."