ಶಿವಗಂಗವ್ವನ ಅಣ್ಣ

ಎಂಬತ್ಮೂರನೇ ಇಸವಿಯಲ್ಲಿ ದುಮ್ಮವಾಡದ ನಮ್ಮ ಬಾಜು ಮನೆಯ ಶಿವಗಂಗವ್ವ ಕ್ರೈಸ್ತಳಾದಳು. "ಇನ್ನು ನೀನು ದೇವರ ಮಗಳು, ಯೇಸು ನಿನ್ನ ಅಣ್ಣ" ಎಂದರಂತೆ ಪಾದ್ರಿ. ಶುಭ ಶುಕ್ರವಾರ ಅವಳು ಒಲೆಯನ್ನೇ ಹಚ್ಚಲಿಲ್ಲ.

"ಅಣ್ಣ ತೀರಿಕೊಂಡಾನ್ರಿ" ಎಂದಳು.

ಸಾವಾದ ಮನೆಗೆ ನೆರೆಯವರು ರೊಟ್ಟಿ ಒಯ್ಯಬೇಕು. ಆ ಬಿಸಿಲಲ್ಲಿ ಮೂರು ದಿನ ನಾನೇ ಬಡಿದೆ, ನಾನೇ ಒಯ್ದೆ. ರವಿವಾರ ಬುಟ್ಟಿ ಇಳಿಸುವಷ್ಟರಲ್ಲಿ ಅವಳು ನಗುತ್ತ ಬಂದು, "ಅಣ್ಣ ಎದ್ದಾನ್ರಿ ಅಕ್ಕಾರ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ಹೊತ್ತು ಮನೆಗೆ ವಾಪಸು ಬಂದು ಅತ್ತೆಯ ಮುಂದೆ ಕುಕ್ಕಿದೆ.

"ಸತ್ತಾಂವ ಎದ್ದಾನಂತ್ರಿ. ನನ್ನ ರೊಟ್ಟಿ ಎಲ್ಲಾ ದಂಡ ಆದ್ವು."

ಅತ್ತೆ ಬುಟ್ಟಿಯೊಳಗೆ ಇಣುಕಿದರು.

"ಮೂರು ದಿನದ ಹಸಿವಿ ಐತಿ ಅವಂಗ. ಇವು ಸಾಲೂದಿಲ್ಲ, ಇನ್ನ ನಾಕು ಬಡಿ."