ಈ ಗೊರ್ರು ನನ್ನದಲ್ಲ

ಇನ್ವರ್ಟರ್ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗೊರ್ರಣ್ಣ. ಗೊರಕೆಗಾಗಿ ಬಂದ ಹೆಸರಲ್ಲ ಅದು. ಗೊರಕೆಯನ್ನು ಜನ ನಿದ್ದೆಯಲ್ಲಿ ಹೊಡೆಯುತ್ತಾರೆ, ಇವನು ಹಾಡಹಗಲೇ, ಗಿರಾಕಿಯ ಎದುರಿಗೇ, ತುಟಿ ಬಿಚ್ಚದೆ ಗಂಟಲಲ್ಲೇ ಗೊರ್ರ್ ಅನ್ನುತ್ತಿದ್ದ.

ಅಂಗಡಿಯ ಮೇಜಿನ ಮೇಲೆ ಎರಡು ಇನ್ವರ್ಟರ್‌ಗಳಿದ್ದವು, ಒಂದೊಂದಕ್ಕೂ ಒಂದೊಂದು ಟೇಬಲ್ ಫ್ಯಾನು. ಹಸಿರು ಮುಚ್ಚಳದ್ದು ಸೈನ್ ವೇವ್, ಕೆಂಪು ಮುಚ್ಚಳದ್ದು ಸ್ಕ್ವೇರ್ ವೇವ್.

"ನೋಡಿ ಸಾರ್, ಮನೆಗೆ ಬರೋ ಕರೆಂಟು ಉಯ್ಯಾಲೆ ಇದ್ದಹಾಗೆ. ಮೆಲ್ಲಗೆ ಮೇಲೆ ಹೋಗತ್ತೆ, ಮೆಲ್ಲಗೆ ಕೆಳಗೆ ಬರತ್ತೆ. ಹಸಿರುದೂ ಹಾಗೇ ತೂಗತ್ತೆ. ಕೆಂಪುದು ಮಾತ್ರ ಉಯ್ಯಾಲೇಲಿ ಕೂತೋರನ್ನ ಒಂದ್ಸಲ ಹಿಂದಿಂದ ಒದೆಯತ್ತೆ, ಒಂದ್ಸಲ ಮುಂದಿಂದ ಒದೆಯತ್ತೆ. ಬಲ್ಬಾದ್ರೆ ತಡ್ಕೊಳತ್ತೆ. ಮೋಟರ್ ಇರೋ ಸಾಮಾನು ನರಳತ್ತೆ. ಕೇಳಿಸ್ಕೊಳಿ."

ಹಸಿರಿನ ಫ್ಯಾನು ಗುಂಯ್ ಎಂದು ತನ್ನಷ್ಟಕ್ಕೆ ತಿರುಗುತ್ತಿತ್ತು. ಕೆಂಪಿನದು ನಿಜವಾಗಿಯೂ ನರಳುತ್ತಿತ್ತು. ಆದರೆ ಬೀದಿಯ ಹಾರ್ನುಗಳ ನಡುವೆ ಆ ನರಳಾಟ ಗಿರಾಕಿಯ ಕಿವಿಗೆ ಎಲ್ಲಿ ಬೀಳಬೇಕು? ಅದಕ್ಕೇ ಅಂಗಡಿಯವನು ತನ್ನ ಗಂಟಲಿನಿಂದ ಅಷ್ಟು ಸೇರಿಸುತ್ತಿದ್ದ. ಸುಳ್ಳನ್ನೇನೂ ಹೇಳುತ್ತಿಲ್ಲ, ನಿಜಕ್ಕೇ ಸ್ವಲ್ಪ ವಾಲ್ಯೂಮ್ ಕೊಡುತ್ತಿದ್ದೇನೆ ಎಂಬುದು ಅವನ ಸಮಜಾಯಿಷಿ.

ಈ ವಿದ್ಯೆಗೆ ಮೊದಲ ಅಭಿಮಾನಿ ಅವನ ಮಾವ. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಈಗಲೂ ಯಾವ ಮಾತಿಗೂ "ರೈಟ್, ರೈಟ್" ಎನ್ನುವವರು. ಮೊದಲ ಅನುಮಾನಿ ಅವನ ಭಾವಮೈದುನ, ಹೆಂಡತಿಯ ತಮ್ಮ.

"ಭಾವ, ಎಲ್ಲಾ ನಿಮ್ಮ ಗಂಟಲ ಮಹಿಮೆ," ಎನ್ನುತ್ತಿದ್ದ ಅವನು. "ನೀವು ಬಾಯಿ ಬಿಗಿಹಿಡಿದ್ರೆ ಎರಡು ಡಬ್ಬಾನೂ ಒಂದೇ."

"ನಿನ್ನ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಮಾತ್ರ. ಬಾ ಒಂದು ದಿನ, ಪರೀಕ್ಷೆ ಮಾಡೋಣ."

ಬಂದ. ಅವನು ಬರುವ ಮೊದಲೇ ಅಂಗಡಿಯವನು ಸ್ಕ್ರೂ ಬಿಚ್ಚಿ ಎರಡು ಯಂತ್ರಗಳ ಮುಚ್ಚಳಗಳನ್ನು ಅದಲುಬದಲು ಮಾಡಿ ಇಟ್ಟಿದ್ದ. ಭಾವಮೈದುನ ಹಸಿರು ಮುಚ್ಚಳದ ಫ್ಯಾನಿನ ಮುಂದೆ ತಲೆದೂಗಿ, "ಇದಪ್ಪಾ ಸಮಾಧಾನ ಅಂದ್ರೆ" ಎಂದ. ಅದರ ಒಳಗಿದ್ದದ್ದು ಕೆಂಪಿನ ಯಂತ್ರ. ಗುಟ್ಟು ರಟ್ಟಾದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನಿಲ್ಲುವ ಮೊದಲೇ ಫೋನು ಬಂತು. ಮಾವನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸುತ್ತಿದ್ದಾರೆ ಎಂದು. ಷಟರ್ ಎಳೆದು ಇಬ್ಬರೂ ಓಡಿದರು.

ಮಾವ ಬದುಕಿಕೊಂಡರು. ಆದರೆ ಶ್ವಾಸಕೋಶದ ಕೆಲಸದ ಅರ್ಧ ಪಾಲನ್ನು ಯಂತ್ರ ಮಾಡಬೇಕಾಯಿತು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ಮಂಚ, ಮಂಚದ ಪಕ್ಕ ಗಾಲಿ ಹಚ್ಚಿದ ಆಕ್ಸಿಜನ್ ಯಂತ್ರ, ಅದರಿಂದ ಮೂಗಿಗೆ ತೆಳ್ಳನೆಯ ನಳಿಗೆ. ಕರೆಂಟು ಹೋದರೂ ಅದು ನಿಲ್ಲುವಂತಿರಲಿಲ್ಲ. ಅವರು ಮನೆಗೆ ಬರುವ ದಿನ ಅಳಿಯ ಅಂದಿನಿಂದ ಮುಚ್ಚಿದ್ದ ಅಂಗಡಿ ತೆರೆದ, ಒಳಗೂ ಹೋಗದೆ ಮೇಜಿನ ಮೇಲಿಂದ ಹಸಿರು ಮುಚ್ಚಳದ್ದನ್ನು ಎದೆಗವಚಿಕೊಂಡು ಬಂದ, ಜೋಡಿಸಿದ, ಒಂದು ಬಲ್ಬು ಹಚ್ಚಿ ನೋಡಿದ. ಹತ್ತಿತು. ಬಲ್ಬಿಗೆ ಬಾಯಿಲ್ಲ, ದೂರು ಹೇಳಲಿಲ್ಲ.

ಕರೆಂಟು ಹೋಗದೆ ದಿನಗಳು ಕಳೆದವು. ಮಾವನಿಗೆ ಮುಖದಲ್ಲಿ ಕಳೆ ಬಂತು. ಅಳಿಯನ ಕೈಯಲ್ಲಿ ಡಾಕ್ಟರ ಕೆಮ್ಮು, ನರ್ಸಮ್ಮನ ಚಪ್ಪಲಿ ಸದ್ದು ಎಲ್ಲ ಮಾಡಿಸಿ ನಗುವಷ್ಟು ಚೇತರಿಸಿಕೊಂಡರು.

ಅವತ್ತು ಮಧ್ಯಾಹ್ನ ಊಟ ಮುಗಿದಿತ್ತು. ಅಳಿಯ ಮಂಚದ ಬುಡದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ಭಾವಮೈದುನ ಕಿಟಕಿಯ ಹತ್ತಿರ ಪೇಪರು ಹರಡಿಕೊಂಡಿದ್ದ. ಪಕ್ಕದ ಮನೆಯ ವಾಷಿಂಗ್ ಮಷೀನು ಬಟ್ಟೆ ಹಿಂಡುತ್ತಿದ್ದದ್ದು ಥಟ್ಟನೆ ನಿಂತಿತು. ಮರುಕ್ಷಣ ಕೋಣೆಯೊಳಗೆ ಶುರುವಾಯಿತು: ಗೊರ್ರ್.

ಭಾವಮೈದುನ ಪೇಪರಿನಿಂದ ಕಣ್ಣೆತ್ತಲೂ ಇಲ್ಲ. "ಏನು ಭಾವ, ಊಟ ಆದ್ಮೇಲೆ ಗಂಟಲು ಭರ್ಜರಿಯಾಗಿದೆ."

"ರೀ, ಅಪ್ಪ ಮಲಗೋ ಹೊತ್ತು. ಅಂಗಡೀನ ಅಂಗಡೀಲೇ ಬಿಟ್ಟು ಬನ್ನಿ," ಎಂದಳು ಅಡುಗೆಮನೆಯಿಂದ ಹೆಂಡತಿ.

ಅವನು ಕಿತ್ತಳೆ ಕೈಯಲ್ಲಿ ಹಿಡಿದು ಭಾವಮೈದುನನ ಬೆನ್ನನ್ನು ನೋಡಿದ. ಮೊದಲು ಮೂಡಿದ್ದು ಹೊಟ್ಟೆಕಿಚ್ಚು. ಇವನು ಯಾವಾಗ ಕಲಿತ? ನನಗಿಂತ ಚೆನ್ನಾಗಿ ಮಾಡ್ತಿದಾನಲ್ಲ, ಉಸಿರು ಎಳೆದುಕೊಳ್ಳೋ ಜಾಗವೇ ಗೊತ್ತಾಗ್ತಿಲ್ಲ.

"ನಾನಲ್ಲ ಕಣೋ. ನೀನೇ ತಾನೆ?"

"ನಾನ್ಯಾಕೆ? ನನ್ನ ಕಿವಿ ಕನ್ನಡಕಕ್ಕೆ, ಬಾಯಿ ಊಟಕ್ಕೆ."

ಗೊರ್ರ್. ಮಾವ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. "ರೈಟ್, ರೈಟ್" ಎಂದರು, ಅಭಿಮಾನಿಯ ಹಾಗೆ. ಎರಡನೆಯ ರೈಟ್ ಅರ್ಧಕ್ಕೇ ನಿಂತಿತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಈ ಸಲ ನಗುವಿರಲಿಲ್ಲ. "ನಿಲ್ಸಿ ಅಂದ್ನಲ್ಲ."

ನಾನಲ್ಲ ಎಂದು ಹೇಳಲು ಬಾಯಿ ತೆರೆದರೆ ಯಾರು ನಂಬುತ್ತಾರೆ? ಬಾಯಿ ಮುಚ್ಚಿದರೆ ಇನ್ನೂ ನಂಬುವುದಿಲ್ಲ. ಮುಚ್ಚಿದ ಬಾಯಿಯಿಂದಲೇ ಅಲ್ಲವೆ ಅವನು ಹೆಸರು ಮಾಡಿದ್ದು. ಅವನು ಮಾವನ ಹೂಜಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡ. ಎರಡೂ ಕೆನ್ನೆ ಉಬ್ಬಿಸಿ, ತುಟಿಯ ಮೇಲೆ ಬೆರಳಿಟ್ಟು, ಹೆಂಡತಿಗೆ ಮುಖ ತೋರಿಸಿದ.

ಗೊರ್ರ್ ಹಾಗೇ ಇತ್ತು.

ಮೂವರೂ ಒಟ್ಟಿಗೆ ತಿರುಗಿದ್ದು ಮಂಚದ ಪಕ್ಕದ ಯಂತ್ರದ ಕಡೆ. ಕರೆಂಟು ಹೋಗಿ ಇನ್ವರ್ಟರಿನ ಮೇಲೆ ಓಡುತ್ತಿದ್ದ ಅದು ನಿಂತಲ್ಲೇ ನಡುಗುತ್ತಿತ್ತು, ಗಾಲಿಗಳು ನೆಲಕ್ಕೆ ಕಟಕಟ ಹಲ್ಲು ಕಡಿಯುತ್ತಿದ್ದವು. ಕಾದ ಪ್ಲಾಸ್ಟಿಕ್ಕಿನ ವಾಸನೆ ಆಗಷ್ಟೇ ಮೂಗಿಗೆ ಬಂತು. ಮಾವನ ಬೆರಳಿಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಮೀಟರಿನ ಅಂಕಿ ಇಳಿದಿತ್ತು, ನೋಡುತ್ತಿದ್ದಹಾಗೇ ಇನ್ನೂ ಇಳಿಯಿತು. ಅವರ ತುಟಿ ನೇರಳೆಗೆ ತಿರುಗುತ್ತಿತ್ತು. ಆಮೇಲೆ ಯಂತ್ರ ಟಕ್ ಎಂದು ನಿಂತು ಕೀ ಎಂದು ಒಂದೇ ಸಮನೆ ಕೂಗತೊಡಗಿತು.

ಅವನ ಬಾಯಲ್ಲಿನ ನೀರು ಅಂಗಿಯ ಮೇಲೆಲ್ಲ ಇಳಿಯಿತು. ಉಗುಳಬೇಕೆಂದೂ ನುಂಗಬೇಕೆಂದೂ ಅವನಿಗೆ ಹೊಳೆದಿರಲಿಲ್ಲ.

"ಸಿಲಿಂಡರ್," ಎಂದಳು ಹೆಂಡತಿ.

ಆಪತ್ತಿಗೆಂದು ಮಂಚದ ಕೆಳಗೆ ಇಟ್ಟಿದ್ದ ಸಿಲಿಂಡರನ್ನು ಭಾವಮೈದುನ ಎಳೆದ. ಅದರ ಕುತ್ತಿಗೆಗೆ ಕಟ್ಟಿದ್ದ ಸ್ಪ್ಯಾನರನ್ನು ಅಂಗಡಿಯವನು ಹಿಡಿದು ತಿರುಗಿಸಿದ. ತಿರುಗಲಿಲ್ಲ. ಮೈಯ ಬಲವೆಲ್ಲ ಹಾಕಿ ಒತ್ತಿದ. ಹುಟ್ಟಿದಾಗಿನಿಂದ ಸ್ಕ್ರೂ ಬಿಚ್ಚಿಯೇ ಉಂಡವನು ಬಿಗಿಯುವ ಕಡೆಗೆ ತಿರುಗಿಸುತ್ತಿದ್ದ. ಹೆಂಡತಿ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಆಚೆ ಕಡೆಗೆ ತಿರುಗಿಸಿದಳು. ಹುಸ್ ಎಂದಿತು. ನಳಿಗೆ ಬದಲಾಯಿಸಿದಳು. ಆಮೇಲೆ ಮೂವರೂ ಒಬ್ಬ ಮನುಷ್ಯನ ಎದೆಯನ್ನು ನೋಡುತ್ತ ನಿಂತರು. ಅದು ಏರಿತು, ಇಳಿಯಿತು, ಏರಿತು. ಬೆರಳಿನ ಮೀಟರು ಬಹಳ ಹೊತ್ತು ಯೋಚಿಸಿ ಮೆಟ್ಟಿಲು ಹತ್ತತೊಡಗಿತು.

"ಹೊಸ ಯಂತ್ರ," ಎಂದಳು ಅವಳು. "ನಿಮ್ಮ ಇನ್ವರ್ಟರೂ ಒಳ್ಳೇದೇ ಅಂದ್ರಲ್ಲ. ಹಸಿರುದು ಅಂದ್ರಲ್ಲ."

ಹಸಿರುದು ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವಮೈದುನ ಪೇಪರಿನ ಮೇಲೆಯೇ ಕುಸಿದು ಕೂತ. ಅವನ ಮುಖ ನೋಡಿ ಅಂಗಡಿಯವನಿಗೂ ನೆನಪಾಯಿತು.

"ಭಾವ," ಎಂದ ಭಾವಮೈದುನ. "ಅವತ್ತು ನಾವು ನಗ್ತಾ ಇದ್ವಿ. ಫೋನು ಬಂತು. ಮುಚ್ಚಳ..."

"ಯಾವ ಮುಚ್ಚಳ?" ಎಂದಳು ಹೆಂಡತಿ.

ಅಂಗಡಿಯವನು ಕೂಗುತ್ತಿದ್ದ ಯಂತ್ರವನ್ನು ಆರಿಸಿದ, ಮೂಲೆಗೆ ಹೋಗಿ ಇನ್ವರ್ಟರ್ ಆರಿಸಿ, ಹಸಿರು ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟ. ಅವಳು ಬಂದು ಬಗ್ಗಿ ನೋಡಿದಳು. ಅವಳಿಗೆ ಒಳಗಿನ ತಂತಿ ಅರ್ಥವಾಗದಿದ್ದರೂ ಗಂಡನ ಮುಖ ಅರ್ಥವಾಯಿತು.

ಆಗ ಅವರ ಬೆನ್ನ ಹಿಂದೆ ಮತ್ತೆ ಕೇಳಿಸಿತು: ಗೊರ್ರ್.

ಹೆಂಡತಿ ಗೋಡೆ ಹಿಡಿದುಕೊಂಡಳು. ಅವನ ಕೈಯಿಂದ ಸ್ಕ್ರೂ ಡ್ರೈವರ್ ಬಿತ್ತು. ಯಂತ್ರ ಆರಿದೆ, ಇನ್ವರ್ಟರ್ ಆರಿದೆ, ಇನ್ನು ಉಳಿದದ್ದು ಮಾವನ ಎದೆಯೊಂದೇ. ತಿರುಗಿ ನೋಡಲು ಯಾರಿಗೂ ಧೈರ್ಯ ಬರಲಿಲ್ಲ.

ತಿರುಗಿದರೆ, ಮಾವ ತುಟಿ ಬಿಗಿದುಕೊಂಡು ಮಲಗಿದ್ದರು. ಒಂದು ಕಣ್ಣು ಮಾತ್ರ ತೆರೆದಿತ್ತು.

"ಸರಿಯಾಗಿ ಬಂತಾ ಅಳಿಯಂದಿರೇ?" ಎಂದರು ಬತ್ತಿದ ದನಿಯಲ್ಲಿ. "ಹೆದರ್ಬೇಡಿ. ನಾನಿಳಿಯೋ ಸ್ಟಾಪು ಇನ್ನೂ ಬಂದಿಲ್ಲ."

ಮಗಳು ಅವರ ಕಾಲನ್ನು ಹೊದಿಕೆಯ ಮೇಲಿಂದಲೇ ಹಿಡಿದು ಕೂತಳು. ಹಾಗೇ ಕೂತು, ಗಂಡನ ಕಡೆ ನೋಡದೆ ಹೇಳಿದಳು: "ಸಿಲಿಂಡರ್ ಎಷ್ಟು ಹೊತ್ತು ಬರತ್ತೋ. ಹೋಗಿ ಇನ್ನೊಂದು ಇನ್ವರ್ಟರ್ ತನ್ನಿ. ಬಣ್ಣ ನೋಡಿ ತರಬೇಡಿ. ಕೇಳಿಸ್ಕೊಂಡು ತನ್ನಿ."

ಅಂಗಡಿಯ ಷಟರನ್ನು ಅವನು ಅರ್ಧಕ್ಕಷ್ಟೇ ಎತ್ತಿದ. ಕರೆಂಟಿಲ್ಲದ ಬೀದಿ ಎಂದಿಗಿಂತ ಮೌನವಾಗಿತ್ತು. ಮೇಜಿನ ಮೇಲೆ ಕೆಂಪು ಮುಚ್ಚಳದ್ದು ಒಂಟಿಯಾಗಿತ್ತು. ಅವನು ಫ್ಯಾನು ಸಿಕ್ಕಿಸಿದ. ಸ್ವಿಚ್ಚಿನ ಮೇಲೆ ಬೆರಳಿಟ್ಟವನು ಹಾಗೇ ನಿಂತ. ತನ್ನ ಗಂಟಲನ್ನು ತಾನು ಎಷ್ಟು ನಂಬಬಹುದು ಎಂದು ಅವನಿಗೆ ತಿಳಿಯಲಿಲ್ಲ. ಬಾಟಲಿಯಿಂದ ಬಾಯಿ ತುಂಬ ನೀರು ತುಂಬಿಕೊಂಡು, ಆಮೇಲೆ ಸ್ವಿಚ್ಚು ಒತ್ತಿ, ಫ್ಯಾನಿನ ಬೆನ್ನಿಗೆ ಕಿವಿ ಹಚ್ಚಿದ.

ಪಕ್ಕದ ಅಂಗಡಿಯ ಟೈಲರು ಷಟರಿನ ಕೆಳಗೆ ಬಗ್ಗಿ ನೋಡಿದ. "ಏನು ಗೊರ್ರಣ್ಣ, ಇವತ್ತು ಸದ್ದೇ ಇಲ್ಲ?"

ಕೆನ್ನೆ ಉಬ್ಬಿದವನು ಒಂದು ಕೈಯೆತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿ, ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದ.