ಎಡಗೆನ್ನೆ

ದಾವ್ ಅತ್ತೆ ಗುರುತಿನ ಚೀಟಿಯನ್ನು ನನ್ನ ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಹಿಂಬದಿಯಲ್ಲಿ ಎರಡು ಬೆರಳಚ್ಚು, ಪಕ್ಕದಲ್ಲಿ ಗುರುತು ಹೇಳುವ ಸಾಲು: ಎಡಗೆನ್ನೆಯ ಮೇಲೆ ಕೆಂಪು ಮಚ್ಚೆ. ಸತ್ತು ವರ್ಷವಾಗುತ್ತ ಬಂದಿದ್ದ ಬೂಯಿಯನ್ನು ಸರ್ಕಾರ ಗುರುತಿಸುತ್ತಿದ್ದದ್ದು ಹಾಗೆ. ಊರು ಕೂಡ ಹಾಗೆಯೇ.

"ಇದು ಇರಬಾರ್ದು," ಎಂದು ಅತ್ತೆ ಆ ಸಾಲಿನ ಮೇಲೆ ಉಗುರು ಊರಿದಳು.

"ಸರ್ಕಾರ ಬರೆದದ್ದನ್ನ ನಾನು ಅಳಿಸೋದಾ ಅತ್ತೆ?"

"ಚಿತ್ರದಲ್ಲಿ ಅಳಿಸೇ, ಮಾರಾಯ್ತಿ! ವರ್ಷದ ಎಡೆ ದಿನವೇ ಗಂಡಿನ ಕಡೆಯವರನ್ನ ಊಟಕ್ಕೆ ಕರ್ದಿದೀನಿ. ಹೊಳೆ ಆಚೆಯವರು, ಅವರಿಗೇನೂ ಗೊತ್ತಿಲ್ಲ. ಬಂದವರು ಮೊದ್ಲು ನೋಡೋದೇ ಸತ್ತ ಹಿರಿಯರ ಚಿತ್ರ ಇಟ್ಟಿರೋ ಪೀಠನ. ತಾಯಿ ಮುಖ ನೋಡಿ ಮೊಮ್ಮಕ್ಕಳ ಮುಖ ಹೇಗಿರತ್ತೆ ಅಂತ ಅಂದಾಜು ಹಾಕ್ತಾರೆ. ನನ್ನ ಸೊಸೇನ ತರೋವಾಗ ನಾನೂ ಅದನ್ನೇ ಮಾಡಿದ್ದು."

ದಾವ್ ಅತ್ತೆ ಬೂಯಿಯ ನಾದಿನಿ. ಅವಳ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದವಳು ಬೂಯಿಯ ಒಬ್ಬಳೇ ಮಗಳು ಥೋವಾ. ಇಪ್ಪತ್ತೆರಡರ ಹುಡುಗಿ, ಮುಖದಲ್ಲಿ ಒಂದು ಚುಕ್ಕೆಯೂ ಇಲ್ಲ.

"ನೀನೇನಂತೀಯೆ?" ಎಂದು ಅವಳನ್ನು ಕೇಳಿದೆ.

"ಅವತ್ತು ಅಮ್ಮ ಬಂದ್ರೆ ಸಾಕು ಸೆನಕ್ಕಾ. ಅವರನ್ನ ಒಂದ್ಸಲ ನೋಡಿ ಹೂಂ ಅಂದ್ರೆ ಸಾಕು."

"ಬರದೆ ಎಲ್ಲಿ ಹೋಗ್ತಾಳೆ? ಹೊಸ ಕೆನ್ನೆ ಸಿಗತ್ತೆ ಅಂದ್ರೆ ಓಡ್ಕೊಂಡು ಬರ್ತಾಳೆ," ಎಂದು ಅತ್ತೆ ನಕ್ಕಳು. ಥೋವಾ ನಗಲಿಲ್ಲ.

ಹೆಬ್ಬೆರಳಿನಷ್ಟಿರುವ ಚೀಟಿಯ ಫೋಟೋ ನೋಡಿ, ದೀಪದ ಮಸಿಯಲ್ಲಿ ಎರಡು ಗೇಣಿನ ಮುಖ ಬರೆಯುವುದು ನನ್ನ ಕೆಲಸ. ಅದಕ್ಕೂ ಮೊದಲು ನನ್ನಪ್ಪನದು. ಈ ಕಾಲುವೆಯ ಎರಡೂ ದಡದ ಪೀಠಗಳ ಮೇಲೆ ನಮ್ಮ ಕೈಯ ಮುಖಗಳೇ ಕೂತಿವೆ. ಎಲ್ಲರೂ ಬದುಕಿದ್ದಾಗಿನದಕ್ಕಿಂತ ಒಂದು ಛಾಯೆ ಬೆಳ್ಳಗೆ. ಉಬ್ಬುಹಲ್ಲು ಒಳಗೆ ಸರಿಸಿದ್ದೇನೆ, ಚಪ್ಪಟೆ ಮೂಗು ಎತ್ತಿದ್ದೇನೆ, ಮೆಳ್ಳಗಣ್ಣನ್ನು ನೇರ ಮಾಡಿದ್ದೇನೆ. ಯಾರೂ ತಕರಾರು ಮಾಡಿಲ್ಲ. ಸತ್ತವರಂತೂ ಮಾಡಿರಲಿಲ್ಲ.

ಬೂಯಿಯ ಕೆನ್ನೆಯನ್ನು ಬಿಳಿಯಾಗಿ ಬಿಟ್ಟೆ. ಮಸಿಯಲ್ಲಿ ಬರೆಯುವಾಗ ಬಿಳುಪಿಗೆ ಕೆಲಸವಿಲ್ಲ, ಕಾಗದವನ್ನು ಮುಟ್ಟದೆ ಬಿಟ್ಟರಾಯಿತು. ಮಾರನೆಯ ಬೆಳಿಗ್ಗೆ ಅಲ್ಲಿ ಸಣ್ಣಗೆ ಮಸಿ ಕೂತಿತ್ತು. ಕಿಟಕಿಯ ಗಾಳಿ ಎಂದುಕೊಂಡು ಬ್ರೆಡ್ಡಿನ ತಿರುಳಿನಿಂದ ಒತ್ತಿ ತೆಗೆದೆ. ಮೂರನೆಯ ದಿನ ಮತ್ತೆ ಕಂಡಿತು; ತೆಗೆದು, ಕಿಟಕಿ ಮುಚ್ಚಿ, ಮೇಲೆ ಬಟ್ಟೆ ಹೊದಿಸಿದೆ. ನಾಲ್ಕನೆಯ ಬೆಳಿಗ್ಗೆಯೂ ಇತ್ತು. ಎಡಗೆನ್ನೆಯ ಮೇಲೆ ಮಾತ್ರ. ಒತ್ತಿ ತೆಗೆದು, ಗಾಜು ಹಾಕಿಸಿ, ಚೀಟಿಯ ಜೊತೆ ಅವರ ಮನೆಗೆ ಕೊಟ್ಟು ಬಂದೆ. ಬರುವಾಗ ಕೈ ತೊಳೆದುಕೊಂಡೆ, ಮನೆಯಲ್ಲಿ ಮತ್ತೆ ತೊಳೆದುಕೊಂಡೆ.

ಬೂಯಿ ಹೆಗಲ ಮೇಲೆ ಎರಡು ಬುಟ್ಟಿ ತೂಗುವ ಅಡ್ಡೆ ಹೊತ್ತು ಶಾವಿಗೆ ಸಾರು ಮಾರುತ್ತಿದ್ದಳು. ಸಂತೆಯಲ್ಲಿ ಅವಳಿಗೆ ಗೋಡೆಯ ಪಕ್ಕದ ಜಾಗ. ಎಡಗೆನ್ನೆ ಗೋಡೆಗೆ, ಬಲಗೆನ್ನೆ ಗಿರಾಕಿಗೆ. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಒಮ್ಮೆ ಮರದ ಸೇತುವೆಯ ಮೇಲೆ ಎದುರಾದಳು. ಅಂಥ ಮಚ್ಚೆಯನ್ನು ಬಸುರಿ ನೋಡಿದರೆ ಮಗುವಿಗೂ ಬರುತ್ತದೆ ಎನ್ನುತ್ತಾರೆ. ನಾನು ಆಚೆ ಅಂಚಿನ ಕಟಾಂಜನಕ್ಕೆ ದಾಟಿ, ಅದನ್ನು ಹಿಡಿದು ಕಣ್ಣು ಮುಚ್ಚಿಕೊಂಡೆ. ಅವಳು ನಗುತ್ತಲೇ ಹಾದುಹೋದಳು.

"ಕಣ್ಣು ಬಿಟ್ಕೊಂಡು ನಡಿಯೇ ತಾಯಿ, ಕಾಲುವೆಗೆ ಬಿದ್ದೀಯ!"

ವರ್ಷದ ಎಡೆಯ ದಿನ ಮಧ್ಯಾಹ್ನ ನನ್ನನ್ನೂ ಕರೆದಿದ್ದರು. ಎಳನೀರಲ್ಲಿ ಬೇಯಿಸಿದ ಹಂದಿಮಾಂಸ, ಹಾಗಲಕಾಯಿಯ ಸಾರು, ಚಕ್ಕೋತದ ತೊಳೆ. ಪೀಠದ ಮೇಲೆ ಬೂಯಿ ಸಿನಿಮಾದವಳ ಹಾಗೆ ಹೊಳೆಯುತ್ತಿದ್ದಳು. ಗಂಡಿನ ತಾಯಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ಎಂಥ ಲಕ್ಷಣ! ಮಗಳಿಗೆ ಎಲ್ಲಿಂದ ಬಂತು ಅಂತ ಈಗ ತಿಳೀತು."

"ಊರಿಗೇ ಒಬ್ಬಳು," ಎಂದಳು ದಾವ್ ಅತ್ತೆ. ಬಾಗಿಲಲ್ಲಿ ನಿಂತಿದ್ದ ನೆರೆಯವರು ತಮ್ಮ ತಮ್ಮ ಚಹಾ ಲೋಟದೊಳಗೆ ನೋಡಿಕೊಂಡರು.

ಬಡಿಸಿದ್ದನ್ನು ನಾವು ತಿನ್ನುವ ಮೊದಲು, ಸತ್ತವರು ಬಂದರೋ ಇಲ್ಲವೋ ಕೇಳಬೇಕು. ಎರಡು ಹಳೆಯ ನಾಣ್ಯ, ಎರಡಕ್ಕೂ ಒಂದೊಂದು ಮಗ್ಗುಲಿಗೆ ಮಾತ್ರ ಸುಣ್ಣ ಬಳಿದದ್ದು. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಬಂದಿದ್ದಾರೆ. ಎರಡೂ ಒಂದೇ ಆದರೆ ಇಲ್ಲ. ಥೋವಾ ತಟ್ಟೆಗೆ ಎಸೆದಳು. ಎರಡೂ ಬಿಳಿ.

"ಅಡ್ಡೆ ಇಳಿಸಿ ಬರ್ಬೇಕಲ್ಲ, ತಡ ಆಗತ್ತೆ," ಎಂದಳು ಅತ್ತೆ. ಎಲ್ಲರೂ ನಕ್ಕರು.

ಎರಡನೆಯ ಸಲವೂ ಎರಡೂ ಬಿಳಿ. ಮೂರನೆಯ ಸಲವೂ. ಐದನೆಯದಕ್ಕೆ ನಗು ನಿಂತಿತು. ಊದುಬತ್ತಿಗಳು ಅರ್ಧಕ್ಕೇ ಆರಿದ್ದವು. ಹಚ್ಚಿದರೆ ಮತ್ತೆ ಆರಿದವು. ಸಾರಿನ ಮೇಲೆ ಕೊಬ್ಬು ಕೆನೆಗಟ್ಟತೊಡಗಿತು. ಥೋವಾ ಪೀಠವನ್ನೇ ನೋಡುತ್ತ ನಿಂತಿದ್ದಳು.

"ಅಮ್ಮ ಹೊಸಿಲ ಹತ್ರಾನೇ ಇದಾಳೆ," ಎಂದಳು. "ಒಳಗೆ ಬೇರೆ ಯಾರೋ ಕೂತಿದಾರೆ ಅಂತ ನಿಂತಿದಾಳೆ."

"ಬಾಯ್ಮುಚ್ಚು ಹುಡುಗಿ!"

"ಸೆನಕ್ಕಾ, ನಮ್ಮಮ್ಮನ ಮುಖ ಬರಿ."

ನಾನು ಎದ್ದೆ. ಅತ್ತೆಯ ಕಡೆ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಯ ತಳದ ಮಸಿಯನ್ನು ಬೋಗುಣಿಗೆ ಕೆರೆದು ತಂದೆ, ಚೌಕಟ್ಟು ಬಿಚ್ಚಿ ಗಾಜು ತೆಗೆದೆ. ಬೆರಳು ಅದ್ದಿದೆ. ಬೆರಳು ಗಾಳಿಯಲ್ಲೇ ನಿಂತಿತು. ಮಚ್ಚೆ ಎಲ್ಲಿಂದ ಶುರುವಾಗುತ್ತಿತ್ತು? ಕಣ್ಣಿನ ಕೆಳಗಿಂದಲೋ, ಕಿವಿಯ ಬುಡದಿಂದಲೋ? ಫೋಟೋದಲ್ಲಿ ಕಂಡದ್ದು ಬರೀ ಒಂದು ನೆರಳು, ಅದನ್ನೂ ನಾನು ನೋಡದ ಹಾಗೆ ನೋಡಿದ್ದೆ.

"ಚೀಟಿ ಕೊಡಿ ಅತ್ತೆ."

"ಇಲ್ಲ." ಅತ್ತೆಯ ದನಿ ಇಳಿಯಿತು. "ಬೆಳಿಗ್ಗೆ ಸತ್ತವಳಿಗೆ ಸೇರ್ಲಿ ಅಂತ ಸುಡೋ ಕಾಗದದ ಬಟ್ಟೆಗಳ ಜೊತೆ ಅದನ್ನೂ ಸುಟ್ಟೆ. ಯಾರ ಕೈಗೂ ಸಿಗಬಾರ್ದು ಅಂತ."

ನೆರೆಯವರನ್ನು ಕೇಳಿದೆ. ಗದ್ದದವರೆಗೂ ಇತ್ತು ಎಂದ ಒಬ್ಬ. ಇಲ್ಲ, ತುಟಿಯ ಹತ್ತಿರ ನಿಲ್ಲುತ್ತಿತ್ತು ಎಂದಳು ಇನ್ನೊಬ್ಬಳು. ಅವಳು ಇಪ್ಪತ್ತು ವರ್ಷ ಬೂಯಿಯ ಕೈಯ ಸಾರು ಕುಡಿದವಳು. ಎಲೆಯ ಹಾಗಿತ್ತು, ಅಲ್ಲ, ಮೀನಿನ ಹಾಗೆ. ಇಡೀ ಬೀದಿ ಆ ಕೆನ್ನೆಯಿಂದಲೇ ಅವಳನ್ನು ಗುರುತಿಸಿತ್ತು, ಆದರೆ ಆ ಕೆನ್ನೆಯನ್ನು ಯಾರೂ ನೋಡಿರಲಿಲ್ಲ.

ಥೋವಾ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ನಂಗೂ ಕಣ್ಣಿಗೆ ನೆನಪಿಲ್ಲ," ಎಂದಳು. "ಚಿಕ್ಕವಳಿದ್ದಾಗ ಅಲ್ಲಿ ಕೈ ಇಟ್ಕೊಂಡು ಮಲಗ್ತಿದ್ದೆ. ಅಷ್ಟು ಜಾಗ ಬೆಚ್ಚಗಿರ್ತಿತ್ತು."

ಬಲ ಅಂಗೈಯನ್ನು ಬೋಗುಣಿಗೆ ಒತ್ತಿ, ಆ ಬಿಳಿ ಕೆನ್ನೆಯ ಮೇಲೆ ಇಟ್ಟಳು. ಇಟ್ಟು, ಹಾಗೇ ಬಿಟ್ಟಳು. ತೆಗೆದಾಗ ಕಣ್ಣಿನಿಂದ ಗದ್ದದವರೆಗೆ ಕಪ್ಪು ಅಂಗೈ, ಐದು ಬೆರಳು.

"ಏನಿದು?" ಎಂದಳು ಗಂಡಿನ ತಾಯಿ.

"ನಮ್ಮಮ್ಮ," ಎಂದಳು ಥೋವಾ. ಬೆವರಿಗೆ ಅಂಟಿದ ಕೂದಲನ್ನು ಅದೇ ಕೈಯಿಂದ ಹಿಂದೆ ಸರಿಸಿಕೊಂಡಳು. ಅವಳ ಎಡಗೆನ್ನೆಗೂ ಮಸಿ ಹತ್ತಿತು. ಒರೆಸಲು ಎತ್ತಿಕೊಂಡ ಬಟ್ಟೆಯನ್ನು ನಾನು ಕೆಳಗಿಟ್ಟೆ. ಮದುವೆಯಾಗಬೇಕಿದ್ದ ಹುಡುಗ ಆ ಕೆನ್ನೆಯನ್ನೇ ನೋಡುತ್ತಿದ್ದ. ಮಸಿ ಎಂದು ಅವನಿಗೆ ಗೊತ್ತಿತ್ತು. ಆದರೂ ನೋಡುತ್ತಿದ್ದ.

ಅವಳು ನಾಣ್ಯ ಎಸೆದಳು. ಒಂದು ತಟ್ಟೆಯೊಳಗೆ ಗಿರ್ರನೆ ಸುತ್ತಿ ಸುತ್ತಿ ಬಿತ್ತು. ಒಂದು ಬಿಳಿ, ಒಂದು ಕಪ್ಪು. ಆರಿದ್ದ ಊದುಬತ್ತಿಯ ಬುಡದಿಂದ ಹೊಗೆಯ ಎಳೆಯೊಂದು ಎದ್ದಿತು, ಯಾರೂ ಹಚ್ಚಿರಲಿಲ್ಲ.

ಗಂಡಿನ ಕಡೆಯವರು ಎರಡೆರಡು ತುತ್ತು ತಿಂದು ಎದ್ದರು. "ಒಳ್ಳೆ ದಿನ ನೋಡಿ ಹೇಳಿ ಕಳಿಸ್ತೀವಿ," ಎಂದರು. ಅಂಥ ದಿನ ಯಾವ ಪಂಚಾಂಗದಲ್ಲೂ ಇರುವುದಿಲ್ಲ ಎಂದು ಅತ್ತೆಗೂ ಗೊತ್ತಿತ್ತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಥೋವಾ ಮಾತ್ರ ಪೀಠದ ಎದುರು ಕೂತು, ಹಾಗಲಕಾಯಿಯ ಸಾರನ್ನು ಎರಡು ಬಟ್ಟಲಿಗೆ ಬಡಿಸಿ, ನಿಧಾನವಾಗಿ ಊಟ ಮಾಡಿದಳು.

ನಾನು ಬಿಸಿಲು ಇಳಿಯುವ ಮೊದಲೇ ಹೊರಟೆ. ಮರದ ಸೇತುವೆಯ ಮೇಲೆ ಯಾರೂ ಇರಲಿಲ್ಲ. ಆದರೂ ಎದುರುಗಡೆಯ ಹಲಗೆಗಳು ಒಂದೊಂದಾಗಿ ಕಿರುಗುಟ್ಟುತ್ತ ಬಂದವು, ಭಾರದ ಅಡ್ಡೆ ಹೊತ್ತವರ ನಡೆಯಲ್ಲಿ, ತೂಗಿ ತೂಗಿ. ನನ್ನ ಕಾಲು ತಾನಾಗಿಯೇ ಆಚೆ ಕಟಾಂಜನದ ಕಡೆಗೆ ತಿರುಗಿತು. ತಡೆದು ನಿಲ್ಲಿಸಿದೆ. ಹಲಗೆಗಳು ಹತ್ತಿರವಾದವು. ನಾನು ಕಣ್ಣು ಬಿಟ್ಟುಕೊಂಡೇ ನಡೆದೆ.